ಹದಿನೈದು ಚೌಕ

ವೈರ್‌ಲೆಸ್ ಕಾರ್ಖಾನೆಯಲ್ಲಿ ಅವನ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೂರ್ಸಲಯ್ಯ. ಯಾವ ಮಾತನ್ನೇ ಆಗಲಿ ಮೂರು ಸಲ ಕೇಳದೆ ನಂಬುವ ಜಾಯಮಾನ ಅವನದಲ್ಲ. ಅದೂ ಒಂದೇ ಉಸಿರಿನಲ್ಲಿ ಕೇಳುತ್ತಿರಲಿಲ್ಲ. ಒಂದು ಸಲ ಈಗ, ಒಂದು ಸಲ ಊಟವಾದ ಮೇಲೆ, ಮತ್ತೊಂದು ಸಲ ನೀವು ಆ ವಿಷಯವನ್ನೇ ಮರೆತು ಚಪ್ಪಲಿ ಮೆಟ್ಟುವ ಹೊತ್ತಿಗೆ.

ಮದುವೆಯ ಮಾತೂ ಹಾಗೇ ಆಗಿತ್ತು. ರೇಡಿಯೋ ರಿಪೇರಿಗೆಂದು ಅವಳ ಮನೆಗೆ ಬಂದವನು, "ನನ್ನ ಮದುವೆ ಆಗ್ತೀಯಾ?" ಅಂತ ಮೊದಲ ಸಲ ಕೇಳಿದ್ದು ಅಡುಗೆಮನೆ ಬಾಗಿಲಲ್ಲಿ, ಅವಳ ಅತ್ತಿಗೆ ಪಕ್ಕದಲ್ಲೇ ಇರುವಾಗ. ಎರಡನೇ ಸಲ ಮೆಟ್ಟಿಲ ಮೇಲೆ. ಮೂರನೇ ಸಲ ಎಂಟು ದಿನ ಬಿಟ್ಟು ಬಸ್ ನಿಲ್ದಾಣದಲ್ಲಿ.

"ಏನ್ರೀ, ಕಿವಿ ಕೇಳಲ್ವಾ ನಿಮಗೆ? ಎರಡು ಸಲ ಹೂಂ ಅಂದೆನಲ್ಲ!"

"ಮೊದಲನೇ ಹೂಂ ಅತ್ತಿಗೆಗೆ ಹೆದರಿ ಅಂದಿರಬಹುದು. ಎರಡನೇದು ಅವತ್ತಿನ ಹುಮ್ಮಸ್ಸಿಗೆ ಅಂದಿರಬಹುದು. ಈಗ ಅಂದರೆ ನಂಬ್ತೀನಿ."

ಅವಳು ನಕ್ಕು ಮೂರನೇ ಹೂಂ ಅಂದಳು. ಆ ಹೂಂ ನಲವತ್ತೊಂದು ವರ್ಷ ಬಾಳಿತು.

ಅವಳಿಗೆ ಓದು ಬರಹ ಅಷ್ಟಕ್ಕಷ್ಟೇ. ಅಂಕಿ ಬರುತ್ತಿತ್ತು, ತನ್ನ ಹೆಸರು ಬರುತ್ತಿತ್ತು, ಕೂಡಿಸಿ ಕೂಡಿಸಿ ಓದಿದರೆ ಸಾಮಾನಿನ ಚೀಟಿ ಬರುತ್ತಿತ್ತು. ಅಂಗಿ ಹೊಲಿಯುವವರಿಂದ ಬಟ್ಟೆ ತಂದು ಮನೆಯಲ್ಲೇ ಕೂತು ಗುಂಡಿ ಹಚ್ಚುತ್ತಿದ್ದಳು. ಗಂಡನ ಕೆಲಸ ಏನು ಅಂತ ಯಾರಾದರೂ ಕೇಳಿದರೆ, "ಗಾಳೀಲಿ ಹೋಗೋ ಮಾತು ಹರಿದುಹೋಗದ ಹಾಗೆ ನೋಡ್ಕೋತಾರೆ" ಅನ್ನುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಕಾರ್ಖಾನೆಯವರು ಆಂಬುಲೆನ್ಸ್ ಗಾಡಿಗಳಿಗೆ ಒಂದು ಪೆಟ್ಟಿಗೆ ಮಾಡುತ್ತಿದ್ದರು. ರೋಗಿ ಇರುವ ಮನೆಯ ವಿಳಾಸ ಆಸ್ಪತ್ರೆಯಿಂದ ಅಂಕಿಗಳಾಗಿ ಗಾಳಿಯಲ್ಲಿ ಹೊರಟು, ಗಾಡಿಯ ಪೆಟ್ಟಿಗೆಯಲ್ಲಿ ಅಕ್ಷರವಾಗಿ ಮೂಡಬೇಕು. ದಾರಿಯಲ್ಲಿ ಮಿಂಚೋ, ಎತ್ತರದ ಕಟ್ಟಡವೋ, ಪಕ್ಕದ ಲಾರಿಯ ಇಂಜಿನ್ನೋ ಅಡ್ಡ ಬಂದರೆ ಅಂಕಿ ಕೆಡುತ್ತದೆ. ಹನ್ನೆರಡನೇ ನಂಬರಿನ ಮನೆ ಎಪ್ಪತ್ತೆರಡಾಗುತ್ತದೆ. ಅದಕ್ಕೇ ಅಲ್ಲಿನ ಇಂಜಿನಿಯರಮ್ಮ, ಕಳಿಸುವ ಅಂಕಿಗಳ ಜೊತೆ ಕಾವಲಿಗೆ ಇನ್ನಷ್ಟು ಅಂಕಿ ಸೇರಿಸುವ ಲೆಕ್ಕ ಕಟ್ಟಿದ್ದರು. ಒಂದೆರಡು ಕೆಟ್ಟರೆ ಕಾವಲಿನವುಗಳನ್ನು ನೋಡಿ ಪೆಟ್ಟಿಗೆಯೇ ಸರಿ ಮಾಡಿಕೊಳ್ಳುತ್ತದೆ.

ಮೇಜಿನ ಮೇಲೆ ಆ ಲೆಕ್ಕ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ರಸ್ತೆಗೆ ಇಳಿದ ದಿನವೇ ಮುಗ್ಗರಿಸಿತು. ಯಾಕೆ ಅಂತ ನೋಡಿಕೊಂಡು ಬರುವುದು ಮೂರ್ಸಲಯ್ಯನ ಪಾಲಿಗೆ ಬಂತು. ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಮೂರು ತಿಂಗಳು ಬೀದಿ ಬೀದಿ ನಡೆದ. ಕೈಯಲ್ಲಿ ಚೌಕ ಚೌಕದ ಹಾಳೆ, ಕಿವಿಯ ಹಿಂದೆ ಪೆನ್ಸಿಲು. ಅಂಕಿ ಬಂದಲ್ಲಿ ಗೆರೆ, ಕೆಟ್ಟಲ್ಲಿ ಸೊನ್ನೆ. ಎರಡು ಜೊತೆ ಚಪ್ಪಲಿ ಸವೆದವು. ಸಂಜೆ ಬಂದು ಕಾಲು ಚಾಚಿ ಕೂತರೆ ಹೆಂಡತಿ ಬಿಸಿನೀರಿನ ಬೋಗುಣಿ ತಂದಿಡುತ್ತಿದ್ದಳು. "ನನ್ನ ಕೆಲಸದ ಹತಾರ ಅಂದರೆ ಇವೆರಡೇ ಕಣೇ" ಅಂತ ಪಾದಗಳನ್ನು ನೀರಲ್ಲಿ ಇಳಿಬಿಡುತ್ತಿದ್ದ.

ಕೊನೆಗೆ ಇಂಜಿನಿಯರಮ್ಮನ ಮುಂದೆ ಹಾಳೆ ಹರಡಿ ಅಂದನಂತೆ:

"ಅಮ್ಮಾ, ನಿಮ್ಮ ಲೆಕ್ಕದಲ್ಲಿ ತಪ್ಪುಗಳು ಬಲು ಮರ್ಯಾದಸ್ಥರು. ಒಬ್ಬೊಬ್ಬರಾಗಿ ಬರ್ತಾರೆ. ಬೀದೀಲಿ ಗುಂಪು ಕಟ್ಕೊಂಡು ಬರ್ತವೆ. ರೈಲು ಸೇತುವೆ ಕೆಳಗೆ ಹೊಕ್ಕರೆ ಮೂವತ್ತು ಅಂಕಿ ಒಟ್ಟಿಗೆ ಮಾಯ. ಕಾವಲುಗಾರರೂ ಅದೇ ಗುಂಪಿನ ನಡುವೆ ಸಿಕ್ಕಿಹಾಕಿಕೊಂಡರೆ ಕಳ್ಳನ್ನ ಹಿಡಿಯೋರು ಯಾರು?"

"ಗುಂಪಾಗಿ ಬರ್ತವೆ ಅಂತ ನನಗೂ ಗೊತ್ತಿತ್ತು. ಗುಂಪು ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಹತ್ತು ಅಂದ್ಕೊಂಡಿದ್ದೆ" ಅಂದರಂತೆ ಇಂಜಿನಿಯರಮ್ಮ. ಅವನ ಹಾಳೆ ಇಟ್ಟುಕೊಂಡು, ಒಂದು ವಿಳಾಸದ ಅಂಕಿಗಳನ್ನು ದೂರ ದೂರ ಚೆದುರಿಸಿ ಕಳಿಸುವ ಹಾಗೆ ಲೆಕ್ಕ ತಿದ್ದಿದರು.

ಆ ಸಂಜೆ ಅವನು ಅದನ್ನು ಹೆಂಡತಿಗೆ ವಿವರಿಸಿದ.

"ಒಂದು ಚೀಟೀಲಿ ಉಪ್ಪು ಅಂತ ಮೂರು ಸಲ ಒಂದೇ ಮೂಲೇಲಿ ಬರೆದೆ ಅನ್ನು. ಆ ಮೂಲೆ ಮೇಲೆ ನೀರು ಚೆಲ್ಲಿತು. ಏನಾಯ್ತು?"

"ಮೂರೂ ಅಳಿಸಿಹೋಯ್ತು."

"ಮೇಲೊಂದು, ನಡುವೆ ಒಂದು, ಕೆಳಗೊಂದು ಬರೆದಿದ್ದರೆ?"

"ಎರಡಾದರೂ ಉಳೀತಿತ್ತು. ಅದಿರಲಿ, ಉಪ್ಪು ತಂದ್ರಾ?"

ತಂದಿರಲಿಲ್ಲ.

ಲೆಕ್ಕವೇನೋ ಗೆದ್ದಿತು. ಸೇತುವೆ ಕೆಳಗೂ ವಿಳಾಸ ಒಂದಕ್ಷರ ಕೆಡದೆ ಬಂತು. ಆದರೆ ಹದಿನೈದು ದಿನಕ್ಕೆ ಒಬ್ಬ ಡ್ರೈವರು ಪೆಟ್ಟಿಗೆಯನ್ನು ಕಿತ್ತುಕೊಂಡು ಬಂದು ಮೇಜಿನ ಮೇಲೆ ಕುಕ್ಕಿದ. "ವಿಳಾಸ ಮುತ್ತಿನ ಹಾಗೆ ಬಂತು ಕಣಣ್ಣ. ತಿರುವು ದಾಟಿ ಮುಂದೆ ಹೋದ ಮೇಲೆ ಬಂತು! ಸರಿಯಾಗಿ ಬಂದು ಯಾರಿಗೆ ಏನು ಭಾಗ್ಯ?" ಅಂಕಿ ದೂರ ದೂರ ಚೆದುರಿಸಿದಷ್ಟೂ ಎಲ್ಲ ಬಂದು ಸೇರುವ ತನಕ ಕಾಯಬೇಕು. ಆಮೇಲೆ ಇಂಜಿನಿಯರಮ್ಮ ಒಂದಿಷ್ಟು ಹಿಂದಕ್ಕೆ ಬಂದರು. ಇಷ್ಟು ತಡವಾದರೆ ಚಿಂತೆಯಿಲ್ಲ, ಇಷ್ಟು ತಪ್ಪಾದರೆ ಚಿಂತೆಯಿಲ್ಲ ಅಂತ ನಡುವೆ ಎಲ್ಲೋ ಒಂದು ಗೂಟ ಹೊಡೆದರು.

ಇನ್ನೆರಡು ಸಂಗತಿ ಅವಳು ಅವನಿಂದ ಕಲಿತಿದ್ದಳು. ಒಂದು, ಪರೀಕ್ಷೆ ಶುರು ಮಾಡುವ ಮುಂಚೆ ಎರಡೂ ಕಡೆಯವರಿಗೆ ಗೊತ್ತಿರುವುದನ್ನೇ ಕಳಿಸಿ ನೋಡಬೇಕು. ಒಂದರಿಂದ ಒಂಬತ್ತು ಎಣಿಸಿದ್ದು ಸರಿಯಾಗಿ ಬಂದರೆ ದಾರಿ ಚೆನ್ನಾಗಿದೆ ಅಂತ ಅರ್ಥ. ಇನ್ನೊಂದು, ದಾರಿ ಚೆನ್ನಾಗಿದ್ದಾಗ ಬಂದದ್ದನ್ನು ಪೆನ್ಸಿಲು ಒತ್ತಿ ಬರೆಯಬೇಕು, ಕೆಟ್ಟಿದ್ದಾಗ ಬಂದದ್ದನ್ನು ತೆಳ್ಳಗೆ ಬರೆಯಬೇಕು. "ತೆಳ್ಳಗಿನದನ್ನ ಬಿಸಾಡಿಬಿಡೋದಲ್ವಾ?" ಅಂತ ಅವಳು ಕೇಳಿದ್ದಳು. "ಬಿಸಾಡಬಾರದು. ಆದರೆ ಒತ್ತಿ ಬರೆದದ್ದರ ಪಕ್ಕ ಸಮನಾಗಿ ಕೂರಿಸಲೂ ಬಾರದು." ಕೆಟ್ಟ ಹಾಳೆಗಳನ್ನು ಅವನು ಮನೆಗೆ ತರುತ್ತಿದ್ದ, ಅವಳು ಕಪಾಟಿಗೆ ಹಾಸುತ್ತಿದ್ದಳು. ಅವಳ ಡಬ್ಬಿಗಳೆಲ್ಲ ಗೆರೆ ಸೊನ್ನೆಗಳ ಮೇಲೇ ಕೂತಿದ್ದವು.

ನಿವೃತ್ತಿಯಾಗಿ ಆರು ವರ್ಷಕ್ಕೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಉಳಿದದ್ದು ಎರಡೇ: ಹೂಂ, ಉಹೂಂ. ಅವೂ ನಂಬುವ ಹಾಗಿರಲಿಲ್ಲ. ಬೆಳಗ್ಗೆ ಕೇಳಿದರೆ ಕೇಳಿದ್ದಕ್ಕೆ ತಕ್ಕ ಉತ್ತರ. ಹೊತ್ತು ಏರಿದ ಹಾಗೆ ಒಂದೇ ಪದಕ್ಕೆ ನಾಲಗೆ ಅಂಟಿಕೊಳ್ಳುತ್ತಿತ್ತು. ಹೂಂ ಅಂತ ಹಿಡಿದರೆ ಗಂಟೆಗಟ್ಟಲೆ ಎಲ್ಲಕ್ಕೂ ಹೂಂ. ತಲೆಯೂ ನಾಲಗೆ ಹೇಳಿದ ಕಡೆಗೇ ಆಡುತ್ತಿತ್ತು.

ಮೊದಮೊದಲು ಅವಳಿಗೆ ಇದು ತಿಳಿಯಲಿಲ್ಲ. ಮಂಚದ ಕೆಳಗೆ ಅವನು ಹೆಗಲಿಗೆ ಹಾಕಿಕೊಂಡು ತಿರುಗಿದ ಹಳೇ ಪೆಟ್ಟಿಗೆ ಇತ್ತು. ಗಾಲಿಕುರ್ಚಿ ತಿರುಗಿಸಲು ಅಡ್ಡವಾಗುತ್ತಿತ್ತು. ಒಂದು ಸಂಜೆ ಗುಜರಿಯವನು ಬಾಗಿಲಿಗೆ ಬಂದ.

"ರೀ, ಇದನ್ನ ಕೊಟ್ಟುಬಿಡಲಾ?"

"ಹೂಂ."

"ನಿಜವಾಗ್ಲೂ?"

"ಹೂಂ."

"ಆಮೇಲೆ ಬೇಜಾರು ಮಾಡ್ಕೋಬಾರದು. ಕೊಡಲಾ?"

"ಹೂಂ."

ಮೂರು ಸಲ ಕೇಳಿದ್ದಾಯಿತು ಅಂತ ಕೊಟ್ಟಳು. ಬೆಳಗ್ಗೆ ಅವನು ಎಡಗೈಯಿಂದ ಮಂಚದ ಕೆಳಗೆ ತಡವಿದ. ಖಾಲಿ ನೆಲ ಸಿಕ್ಕಿತು. ಅವಳನ್ನು ನೋಡಿದ. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿ ಕಣ್ಣಲ್ಲಿ ನೀರು ಇಳಿಯಿತು. ಅವಳು ಹಾಗೇ ಎದ್ದು ಗುಜರಿ ಅಂಗಡಿಗೆ ಓಡಿದಳು. ಪೆಟ್ಟಿಗೆ ಆಗಲೇ ಬಿಚ್ಚಿಹೋಗಿತ್ತು. ತಂತಿ ಒಂದು ಕಡೆ, ತಗಡು ಒಂದು ಕಡೆ. ಹೆಗಲಿನ ಪಟ್ಟಿ ಮಾತ್ರ ಸಿಕ್ಕಿತು. ಅದನ್ನು ತಂದು ಅವನ ತಲೆದೆಸೆಗೆ ಕಟ್ಟಿದಳು.

ಕಪಾಟಿನಿಂದ ಉಪ್ಪಿನ ಡಬ್ಬಿ ಇಳಿಸುವಾಗ ಆ ಚೀಟಿಯ ಮಾತು ನೆನಪಾಯಿತು. ಮೂರು ಉಪ್ಪನ್ನೂ ಒಂದೇ ಮೂಲೆಯಲ್ಲಿ ಬರೆದಿದ್ದೆ, ಅದರ ಮೇಲೇ ನೀರು ಬಿತ್ತು, ಅಂತ ಹಣೆ ಬಡಿದುಕೊಂಡಳು.

ಅಲ್ಲಿಂದ ಅವಳು ಕ್ರಮ ಬದಲಾಯಿಸಿದಳು. ಮುಖ್ಯವಾದದ್ದನ್ನು ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಕೇಳುವಳು. ಕೇಳುವ ಮುಂಚೆ ದಾರಿ ಪರೀಕ್ಷೆ. ಹಾಲು ಕುಡಿಸುವ ಚಮಚ ತೋರಿಸಿ, "ಇದು ಬಾಚಣಿಗೆನಾ?" ಅನ್ನುವಳು. ಉಹೂಂ ಅಂದರೆ ದಾರಿ ಚೆನ್ನಾಗಿದೆ, ಮುಂದಿನ ಉತ್ತರ ಒತ್ತಿ ಬರೆ. ಹೂಂ ಅಂದರೆ ಕೆಟ್ಟಿದೆ, ತೆಳ್ಳಗೆ ಬರೆ. ಚಳಿಗೆ ಕಂಬಳಿ, ಕೂದಲು ಕತ್ತರಿಸುವುದು, ಕಿಟಕಿ ಪಕ್ಕಕ್ಕೆ ಮಂಚ – ಒಂದು ವರ್ಷ ಸಂಸಾರ ಹೀಗೇ ನಡೆಯಿತು. ಬೇಕರಿಯಲ್ಲಿ ಕೆಲಸ ಮಾಡುವ ಮಗಳು ರಜೆ ದಿನ ಬಂದಾಗ ನಗುತ್ತಿದ್ದಳು. "ಅಮ್ಮಾ, ಅಪ್ಪನ ಹೆಸರು ಇನ್ನು ನಿನಗೇ. ಮೂರ್ಸಲಮ್ಮ!"

ಆಮೇಲೆ ಎಡಗಾಲಿನ ಹೆಬ್ಬೆರಳು ಕಪ್ಪಾಯಿತು. ಸಕ್ಕರೆ ಕಾಯಿಲೆ ಹಳೆಯದು. ಹದಿನೈದು ದಿನದಲ್ಲಿ ಕಪ್ಪು ಹಿಮ್ಮಡಿಗೆ ಹಬ್ಬಿತು. ಆಸ್ಪತ್ರೆಗೆ ಸೇರಿಸಿದರು. ಸೋಮವಾರ ಡಾಕ್ಟರು ತಾಯಿ ಮಗಳನ್ನು ಕಾರಿಡಾರಿಗೆ ಕರೆದರು.

"ಮಂಡಿಯ ಮೇಲಕ್ಕೆ ತೆಗೀಬೇಕು. ತೆಗೆದರೆ ಉಳೀಬಹುದು. ತೆಗೆಯದೇ ಇದ್ದರೆ ಉಳಿಯೋದಿಲ್ಲ."

"ಅದು ಅವರ ಸ್ವಾಧೀನ ಇರೋ ಕಾಲು. ಇನ್ನೊಂದು ಆಗಲೇ ಬಿದ್ದಿದೆ" ಅಂದಳು ಅವಳು. "ಅವರನ್ನ ಕೇಳಬೇಕು."

"ಕೇಳಿ. ಆದರೆ ಈ ವಾರ ದಾಟೋ ಹಾಗಿಲ್ಲ."

"ಶನಿವಾರ ಹೇಳ್ತೀನಿ."

ಲಕ್ವಕ್ಕೆ ಮುಂಚೆ, ಜೊತೆಯ ಕೆಲಸಗಾರನೊಬ್ಬನ ಕಾಲು ಹೋದಾಗ ಮೂರ್ಸಲಯ್ಯ ನೋಡಿಕೊಂಡು ಬಂದು ಎರಡು ದಿನ ಊಟ ಬಿಟ್ಟಿದ್ದ. ಬಾಯಿ ಬಿಟ್ಟು ಏನೂ ಅಂದಿರಲಿಲ್ಲ. ಅವಳ ಸ್ವಂತ ಮನಸ್ಸನ್ನು ಕೇಳಿದ್ದರೆ ಅದು ಒಂದೇ ಸಲಕ್ಕೆ ತೆಗೆಸು ಅನ್ನುತ್ತಿತ್ತು. ಕಾಲಿಲ್ಲದ ಗಂಡನಾದರೂ ಗಂಡನೇ. ಮಂಚದ ಮೇಲೆ ಒಂದು ಉಸಿರು ಇದ್ದರೆ ಸಾಕು. ಆದರೆ ಅದು ಅವಳ ಕಾಲಲ್ಲವಲ್ಲ.

ಮನೆಗೆ ಹೋಗಿ ಕಪಾಟಿನ ಹಾಳೆಗಳಲ್ಲಿ ಅರ್ಧ ಖಾಲಿ ಇದ್ದ ಒಂದನ್ನು ತಂದಳು. ಅಡ್ಡಕ್ಕೆ ಮೂರು, ಉದ್ದಕ್ಕೆ ಐದು ಚೌಕಗಳ ಸುತ್ತ ಗೆರೆ ಎಳೆದಳು. ಮಂಗಳವಾರದಿಂದ ಶನಿವಾರದ ತನಕ, ದಿನಕ್ಕೆ ಮೂರು, ಒಟ್ಟು ಹದಿನೈದು. ಇಷ್ಟು ದೊಡ್ಡ ಪ್ರಶ್ನೆಗೆ ಅದಕ್ಕಿಂತ ಕಡಿಮೆ ಸಾಲದು ಅಂತ ಅವಳ ಲೆಕ್ಕ. ತೆಗೆಸು ಅಂದರೆ ಗೆರೆ, ಬೇಡ ಅಂದರೆ ಸೊನ್ನೆ.

ಮಂಗಳವಾರ ಬೆಳಗ್ಗೆ ನರ್ಸಮ್ಮ ಬಂದು, "ಕಿಟಕಿ ತೆಗೀಲಾ ತಾತಾ?" ಅಂದರೆ ಹೂಂ ಅಂದ. ಬಿಸಿಲು ಹಾಸಿಗೆಯ ಮೇಲೆ ಬಿತ್ತು. ಅವಳು ಚಮಚ ತೋರಿಸಿದಳು.

"ಇದು ಬಾಚಣಿಗೆನಾ?"

"ಉಹೂಂ."

"ಕಾಲು ತೆಗೆಸಬೇಕು ಅಂತಾರೆ ರೀ. ತೆಗೆಸೋಣ್ವಾ?"

ಅವನು ಅವಳನ್ನು ಬಹಳ ಹೊತ್ತು ನೋಡಿದ. "ಉಹೂಂ" ಅಂದ.

ಅವಳು ಸೊನ್ನೆಯನ್ನು ಒತ್ತಿ ಬರೆದಳು. ಪೆನ್ಸಿಲಿನ ಮೊನೆ ಮುರಿಯಿತು.

ಮಧ್ಯಾಹ್ನ ಚಮಚ ಬಾಚಣಿಗೆಯಾಯಿತು. ಕಾಲಿಗೂ ಹೂಂ ಅಂದ. ತೆಳ್ಳನೆ ಗೆರೆ. ಸಂಜೆಯೂ ಅದೇ.

ಬುಧವಾರ ಬೆಳಗ್ಗೆ ಅವಳು ಚಮಚ ಹಿಡಿಯುವ ಹೊತ್ತಿಗೆ ಸರಿಯಾಗಿ ಮಗಳು ಬಂದಳು. "ಏನಮ್ಮಾ ಇದು, ಅಪ್ಪ ಏನು ನಿನ್ನ ಕಾರ್ಖಾನೆ ಪೆಟ್ಟಿಗೇನಾ? ಸಹಿ ಹಾಕು ಸುಮ್ಮನೆ" ಅಂತ ಬಾಗಿಲಲ್ಲೇ ಶುರು ಮಾಡಿದಳು. "ಒಂದ್ ನಿಮಿಷ ಸುಮ್ಮನಿರೇ" ಅಂತ ಗದರಿ ಅವಳು ಕೇಳಿದಳು. ಬಾಚಣಿಗೆನಾ? ಉಹೂಂ. ಕಾಲು ತೆಗೆಸೋಣ್ವಾ? ಉಹೂಂ. ಎರಡನೇ ಒತ್ತಿದ ಸೊನ್ನೆ. ಮಗಳು ಅದನ್ನು ನೋಡಿ ಹಾಲಿನ ಲೋಟ ಕುಕ್ಕಿ ಹೊರಗೆ ಹೋದಳು. ಅವಳು ಹಿಂದೆಯೇ ಹೋಗಿ ಕಾರಿಡಾರಿನಲ್ಲಿ ಜಗಳವಾಡಿ ಬರುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ. ಮಧ್ಯಾಹ್ನವೂ ಏಳಲಿಲ್ಲ; ಆ ಚೌಕ ಖಾಲಿ ಉಳಿಯಿತು. ಸಂಜೆ ತೆಳ್ಳನೆ ಗೆರೆ.

ಗುರುವಾರ ಬೆಳಗ್ಗೆಯೇ ಜ್ವರ ಬಂದಿತ್ತು. ಚಮಚ ಬಾಚಣಿಗೆಯಾಯಿತು, ಗೆರೆ ತೆಳ್ಳಗಾಯಿತು. ಮಧ್ಯಾಹ್ನ ಇನ್ನೂ ತೆಳ್ಳಗೆ. ಆಮೇಲೆ ಡಾಕ್ಟರು ಬಂದು ಕಾಲಿನ ಬಟ್ಟೆ ಸರಿಸಿ ನೋಡಿದರು. "ಶನಿವಾರ ಅಂದ್ರಲ್ಲ ನೀವು, ಶನಿವಾರ ಇನ್ನಿಲ್ಲ. ವಿಷ ರಕ್ತಕ್ಕೆ ಏರ್ತಿದೆ. ಸಂಜೆಯೊಳಗೆ ಹೇಳಿ."

"ಇನ್ನೂ ಏಳು ಚೌಕ ಇದೆ" ಅಂದಳು ಅವಳು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಮಗಳು ಅವಳ ಕೈಯಿಂದ ಹಾಳೆ ಕಿತ್ತುಕೊಂಡು ಬೆರಳಿಟ್ಟು ಎಣಿಸಿದಳು. "ಒಂದು, ಎರಡು, ಮೂರು, ನಾಲ್ಕು, ಐದು ಹೂಂ ಇದೆ. ಬೇಡ ಅಂದದ್ದು ಎರಡೇ. ನಿನ್ನ ಹಾಳೆಯೇ ಹೇಳ್ತಿದೆಯಲ್ಲಮ್ಮಾ, ತೆಗೆಸು ಅಂತ!"

"ಐದೂ ತೆಳ್ಳಗಿವೆ ಮಗಾ. ಚಮಚನ ಬಾಚಣಿಗೆ ಅಂದ ಬಾಯಿ ಅದು. ಗುಜರಿಯವನ ಮುಂದೆ ಅಂದ ಹೂಂ ಅದು."

"ಐದು ದೊಡ್ಡದಾ, ಎರಡು ದೊಡ್ಡದಾ?"

"ಒತ್ತಿ ಬರೆದದ್ದು ದೊಡ್ಡದು."

"ಅಪ್ಪನ್ನ ಲೆಕ್ಕ ಹಾಕಿ ಸಾಯಿಸ್ತಿದೀಯಾ ಕಣಮ್ಮಾ ನೀನು" ಅಂದಳು ಮಗಳು.

ಅವಳು ಹಾಳೆ ವಾಪಸ್ಸು ತೆಗೆದುಕೊಂಡು ಗಂಡನ ಹತ್ತಿರ ಹೋಗಿ ಕೂತಳು. ಜ್ವರದಲ್ಲಿ ಅವನ ತುಟಿ ತಾನಾಗಿ ಹೂಂ ಹೂಂ ಅನ್ನುತ್ತಿತ್ತು, ಯಾರೂ ಏನೂ ಕೇಳದೇ ಇದ್ದರೂ. ಅದನ್ನೇ ಅವನ ಮಾತು ಅಂತ ಹಿಡಿದು ಸಹಿ ಹಾಕಿದ್ದರೆ ಎಲ್ಲರಿಗೂ ಸುಖವಿತ್ತು. ಮಗಳಿಗೂ, ಡಾಕ್ಟರಿಗೂ, ಅವಳಿಗೂ. ಅಷ್ಟು ಸುಖವಾಗಿ ಕಂಡದ್ದಕ್ಕೇ ಅವಳಿಗೆ ಭಯವಾಯಿತು. ಸಂಜೆ ಡಾಕ್ಟರ ಕೋಣೆಗೆ ಹೋಗಿ, ಆಪರೇಷನ್ ಬೇಡ ಅನ್ನುವ ಕಾಗದದ ಮೇಲೆ ತನಗೆ ಬರುತ್ತಿದ್ದ ಆ ಒಂದು ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು.

ಅವನು ಒಂಬತ್ತನೆಯ ದಿನಕ್ಕೆ ಹೋದ. ನಡುವೆ ಒಂದು ಬೆಳಗ್ಗೆಯೂ ತಿಳಿಯಾಗಿ ಕಣ್ಣು ಬಿಡಲಿಲ್ಲ. ಏಳು ಚೌಕ ಖಾಲಿಯೇ ಉಳಿದವು.

ಮಣ್ಣು ಮಾಡಿ ಬಂದ ಮೇಲೆ ಮಗಳು ಅವಳ ಜೊತೆ ಮಾತು ಬಿಟ್ಟಳು. ಆದರೂ ಮೊದಲ ಭಾನುವಾರ ಬೆಳಗ್ಗೆ ಬಂದಳು. ಬಾಗಿಲ ಹತ್ತಿರ ನಿಂತು, ಚಪ್ಪಲಿಯನ್ನೂ ಬಿಡದೆ, ಬ್ರೆಡ್ಡಿನ ಪೊಟ್ಟಣ ಮೇಜಿನ ಮೇಲಿಟ್ಟು ಕೇಳಿದಳು:

"ಅಪ್ಪ ನಿಜವಾಗ್ಲೂ ಬೇಡ ಅಂದ್ರಾ?"

"ಅಂದ್ರು."

ಮಗಳು ಹೊರಟುಹೋದಳು.

ಆ ವಾರದ ನಡುವೆ ಇಂಜಿನಿಯರಮ್ಮ ಬಂದರು. ಅವರಿಗೂ ತಲೆ ಬೆಳ್ಳಗಾಗಿತ್ತು. ಮೂರ್ಸಲಯ್ಯನ ಕುರ್ಚಿಯಲ್ಲಿ ಕೂರಲಾರದೆ ಸ್ಟೂಲಿನ ಮೇಲೆ ಕೂತರು. "ಅವರು ಆ ಮೂವತ್ತು ಅಂಕಿ ಎಣಿಸಿಕೊಂಡು ಬರದೇ ಇದ್ದಿದ್ದರೆ ನನ್ನ ಲೆಕ್ಕ ಮೇಜಿನ ಮೇಲೇ ಕೊಳೀತಿತ್ತು ಅಕ್ಕಾ" ಅಂದರು. ಅವಳು ಹಾಳೆ ತಂದು ಅವರ ಕೈಗೆ ಕೊಟ್ಟಳು. ಒತ್ತಿದ್ದು, ತೆಳ್ಳಗಿನದು, ಎಲ್ಲ ವಿವರಿಸಿದಳು.

"ನಾನು ಸರಿಯಾಗಿ ಓದಿದೆನಾ ಅಮ್ಮಾ?"

ಇಂಜಿನಿಯರಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಓದೋ ಕ್ರಮ ಸರಿಯೇ. ನಮ್ಮ ಪೆಟ್ಟಿಗೆಗೂ ಕೊನೇಲಿ ಹೀಗೇ ಕಲಿಸಿದ್ವಿ. ಎಣಿಸಬೇಡ, ತೂಗು ಅಂತ." ಆಮೇಲೆ ಕೇಳಿದರು, "ದಾರಿ ಪರೀಕ್ಷೆಗೆ ಏನು ಕೇಳ್ತಿದ್ರಿ?"

"ಚಮಚ ತೋರಿಸಿ ಬಾಚಣಿಗೆನಾ ಅಂತ."

"ಯಾವಾಗಲೂ ಅದೇನಾ?"

"ಅದೇ."

ಇಂಜಿನಿಯರಮ್ಮ ಬಾಯಿ ತೆರೆದರು, ಮುಚ್ಚಿದರು. ಹಾಳೆಯನ್ನು ಮಡಿಕೆಯ ಮೇಲೇ ಮಡಿಸಿ ವಾಪಸ್ಸು ಕೊಟ್ಟರು. ಅವಳ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಎದ್ದರು. ಕಾಫಿ ಹಾಗೇ ಉಳಿದಿತ್ತು.

ಅವರು ಯಾಕೆ ಬಾಯಿ ಮುಚ್ಚಿದರು ಅನ್ನುವುದು ಅವಳಿಗೆ ಮಾರನೇ ದಿನ ಪಾತ್ರೆ ತೊಳೆಯುವಾಗ ತಿಳಿಯಿತು. ಚಮಚ ಕೈಯಲ್ಲೇ ಇತ್ತು. ಬಾಚಣಿಗೆನಾ ಅಂದರೆ ಸರಿ ಉತ್ತರ ಉಹೂಂ. ಹೂಂ ಅನ್ನುವುದಕ್ಕೆ ನಾಲಗೆ ಅಂಟಿಕೊಂಡಿದ್ದರೆ ಅದು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು. ಉಹೂಂ ಅನ್ನುವುದಕ್ಕೆ ಅಂಟಿಕೊಂಡಿದ್ದರೆ? ಬಾಚಣಿಗೆಗೂ ಉಹೂಂ, ಕಾಲಿಗೂ ಉಹೂಂ. ಪರೀಕ್ಷೆ ಪಾಸು. ಚಮಚ ತೋರಿಸಿ ಒಂದು ಸಲ "ಇದು ಚಮಚನಾ?" ಅಂತಲೂ ಕೇಳಬೇಕಿತ್ತು. ಒಂದು ವರ್ಷ ದಿನಾ ಮೂರು ಹೊತ್ತು ಕೇಳಿದ್ದಳು, ಒಂದು ದಿನವೂ ಅದು ಹೊಳೆದಿರಲಿಲ್ಲ.

ನಲ್ಲಿ ನಿಲ್ಲಿಸಿ ನೆಲದ ಮೇಲೆ ಕೂತಳು. ಮಂಗಳವಾರ ಬೆಳಗ್ಗೆ ನೆನಪು ಮಾಡಿಕೊಂಡಳು. ನರ್ಸಮ್ಮ ಕಿಟಕಿ ತೆಗೀಲಾ ಅಂದಾಗ ಹೂಂ ಅಂದಿದ್ದ. ಆಮೇಲೆ ಚಮಚಕ್ಕೆ ಉಹೂಂ. ಅಂದರೆ ಅವತ್ತು ನಾಲಗೆ ಎರಡೂ ಕಡೆ ಆಡುತ್ತಿತ್ತು. ಆ ಸೊನ್ನೆ ಗಟ್ಟಿ. ಬುಧವಾರ ಬೆಳಗ್ಗೆ? ಬುಧವಾರ ಅವನು ಬೇರೆ ಯಾವುದಕ್ಕಾದರೂ ಹೂಂ ಅಂದಿದ್ದನಾ? ಹಿಂದಕ್ಕೆ ಮುಂದಕ್ಕೆ ತಿರುವಿ ಹಾಕಿದಳು. ಮಗಳು ಬಂದದ್ದು, ಲೋಟ ಕುಕ್ಕಿದ್ದು, ಕಾರಿಡಾರು, ಜಗಳ. ಅವನ ಬಾಯಿಂದ ಬಂದದ್ದು ಎರಡು ಉಹೂಂ ಅಷ್ಟೇ. ಎಷ್ಟು ಕೆದಕಿದರೂ ಒಂದು ಹೂಂ ಸಿಗಲಿಲ್ಲ.

ಎರಡನೇ ಭಾನುವಾರ ಮಗಳು ಮಧ್ಯಾಹ್ನ ಬಂದಳು. ಪೊಟ್ಟಣ ಇಟ್ಟು, ಗೋಡೆ ನೋಡುತ್ತಾ ಕೇಳಿದಳು:

"ಅಪ್ಪ ಕಾಲು ಹಾಗೇ ಇರಲಿ ಅಂತಲೇ ಹೇಳಿದ್ದಾ?"

"ಹೂಂ" ಅಂದಳು ತಾಯಿ. ಆ ಹೂಂ ತೆಳ್ಳಗೆ ಬಂತು. ಮಗಳು ತಲೆ ಎತ್ತಿ ಒಮ್ಮೆ ನೋಡಿದಳು, ಹೋದಳು. ಬಾಗಿಲು ಮುಚ್ಚಿದ ಮೇಲೆ ತಾಯಿಗೆ ಅರಿವಾಯಿತು: ಕೇಳಿದ್ದು ಅದೇ ಪ್ರಶ್ನೆ, ಮಾತು ಬೇರೆ, ಹೊತ್ತು ಬೇರೆ. ಅಪ್ಪನ ಮಗಳು. ಇನ್ನೊಂದು ಸಲ ಬರುತ್ತಾಳೆ.

ಮೂರನೇ ಭಾನುವಾರ ಅವಳು ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೂಲೆ ಏಳದ ಹಾಗೆ ಗುಂಡಿಯ ಡಬ್ಬಿ ಇಟ್ಟು, ಪೆನ್ಸಿಲು ರಬ್ಬರು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಸಂಜೆ ಬಿಸಿಲು ಇಳಿಯುವಾಗ ಮಗಳು ಬಂದಳು.

"ಅಮ್ಮಾ..."

"ಕೇಳಬೇಡ. ಇಲ್ಲಿ ಬಾ."

ಚಮಚದ ವಿಷಯ ಹೇಳಿದಳು. ಮೊದಲಿಂದ ಕೊನೇ ತನಕ, ಏನನ್ನೂ ಬಿಡದೆ, ಏನನ್ನೂ ಸೇರಿಸದೆ. ಮಂಗಳವಾರದ ಕಿಟಕಿಯನ್ನೂ ಹೇಳಿದಳು, ಬುಧವಾರದ ಜಗಳವನ್ನೂ ಹೇಳಿದಳು. ಆಮೇಲೆ ರಬ್ಬರು ತೆಗೆದುಕೊಂಡು ಬುಧವಾರದ ಚೌಕದ ಸೊನ್ನೆಯನ್ನು ಒರೆಸಿದಳು. ಒತ್ತಿ ಬರೆದದ್ದಾದ್ದರಿಂದ ಬೇಗ ಹೋಗಲಿಲ್ಲ. ಕಾಗದ ಜುಂಗು ಎದ್ದಿತು. ಅದರ ಮೇಲೆ ಪೆನ್ಸಿಲು ತಾಗಿಯೂ ತಾಗದ ಹಾಗೆ ತೆಳ್ಳನೆ ಸೊನ್ನೆ ಎಳೆದಳು.

ಮಗಳು ಬಗ್ಗಿ ನೋಡಿದಳು. ಐದು ತೆಳ್ಳನೆ ಗೆರೆ, ಒಂದು ತೆಳ್ಳನೆ ಸೊನ್ನೆ, ಎರಡು ಸಾಲು ಪೂರ್ತಿ ಖಾಲಿ.

"ಹಾಗಾದರೆ ಒಂದೇ ಒಂದಾ?"

"ಒಂದು."

"ಅದು ಗಟ್ಟೀನಾ?"

"ಅವತ್ತು ಕಿಟಕಿಗೆ ಹೂಂ ಅಂದಿದ್ರು. ಅಷ್ಟು ಗಟ್ಟಿ."

ಮಗಳು ಮಂಗಳವಾರದ ಸೊನ್ನೆಯ ಮೇಲೆ ಬೆರಳು ಆಡಿಸಿದಳು. ಒತ್ತಿದ ಗುರುತು ಬೆರಳಿಗೆ ಸಿಕ್ಕಿರಬೇಕು. ಹಾಳೆ ತಿರುಗಿಸಿ ಹಿಂಬದಿಯಲ್ಲೂ ತಡವಿ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟಳು. ತಂದಿದ್ದ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಎರಡು ತಟ್ಟೆ ಇಳಿಸಲು ಅಡುಗೆಮನೆಗೆ ಹೋದಳು. ತಾಯಿ ಅಲ್ಲೇ ಕೂತು, ಹಾಳೆಯ ಮೇಲೆ ಬಿದ್ದಿದ್ದ ರಬ್ಬರಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಮಾಡತೊಡಗಿದಳು.